ಗೊಗ್ಗರನ ಕೂಗು

ಆ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ತಮ್ಮನಿಗೆ ಹೇಳಿದಳು: "ಗೊಗ್ಗರ ಬದುಕಿದಾನೆ ಕಣೋ. ಕೂಗ್ತಿದಾನೆ."

ಗೊಗ್ಗರನೆಂದರೆ ಅವಳೇ ಹೆಸರಿಟ್ಟಿದ್ದ ಒಂದು ಗಂಡು ಕಪ್ಪೆ. ಅಳಿದೇ ಹೋಗುವುದರಲ್ಲಿದ್ದ ಜಾತಿ. ಕೊಳಚೆ ತುಂಬಿದ್ದ ಕೊಳದ ಹೂಳೆತ್ತಿ, ಜೊಂಡು ನೆಟ್ಟು, ಅದನ್ನು ಮತ್ತೆ ಕೊಳವೆನ್ನುವ ಹಾಗೆ ಮಾಡಿದ ಮೇಲೆ, ಅವಳು ತೊಟ್ಟಿಯಲ್ಲಿ ಸಾಕಿದ್ದ ಕಪ್ಪೆಗಳಲ್ಲಿ ಅರ್ಧವನ್ನು, ಗೊಗ್ಗರನನ್ನೂ ಸೇರಿಸಿ, ಅಲ್ಲಿ ಬಿಟ್ಟಿದ್ದರು. ಬಿಟ್ಟವು ಉಳಿದವೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವುದೇ ಅವಳ ಕೆಲಸ. ಗಂಡು ಕೂಗಿದರೆ ನೆಲೆ ಹಿಡಿದವೆಂದು ಅರ್ಥ, ಉಳಿದರ್ಧವನ್ನೂ ಬಿಡಬಹುದು. ವಾರಗಟ್ಟಲೆ ಜೊಂಡಿನ ಪಕ್ಕ ಕೂತು ಸೊಳ್ಳೆಗಳಿಗೆ ರಕ್ತದಾನ ಮಾಡಿದ್ದಷ್ಟೇ ಬಂತು. ಇವತ್ತು ಕೇಳಿಸಿತ್ತು, ನಡುವೆ ತಡವರಿಸುವ ಅದೇ ಒಡಕು ದನಿ. ಅಲ್ಲೇ ಅತ್ತುಬಿಟ್ಟಿದ್ದಳು. ನಾಳೆ ಉಳಿದವನ್ನೂ ಬಿಡೋಣವೆಂದು ಕೊಳದ ಉಸ್ತುವಾರಿಯ ಮ್ಯಾನೇಜರಿಗೆ ಹೇಳಿಯೂ ಬಂದಿದ್ದಳು; ಆಗಲಿ ಎಂದಿದ್ದರು ಅವರು.

ವೈರಿಂಗ್ ಕೆಲಸ ಮಾಡುವ ತಮ್ಮ ಮುಖ ಕೆಳಗೆ ಹಾಕಿದ. "ಅಕ್ಕಾ, ಅದು ಸ್ಪೀಕರ್. ನಿನ್ನೆ ನಾನೇ ಹಾಕ್ದೆ. ನೋಡೋಕೆ ಬರೋರಿಗೆ ಏನಾದ್ರೂ ಕೇಳಿಸ್ಬೇಕು ಅಂದ್ರು ನಿಮ್ಮ ಮ್ಯಾನೇಜರು. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ತೊಟ್ಟಿಯ ಬಳಿ ಅವಳೇ ರೆಕಾರ್ಡ್ ಮಾಡಿ ಆಫೀಸಿಗೆ ಕೊಟ್ಟಿದ್ದ ದನಿ ಅದು. ಅವಳ ಕಪ್ಪೆಯನ್ನೇ ಇಟ್ಟುಕೊಂಡು ಅವಳ ಕಿವಿ ಮೇಲೆಯೇ ಹೂವಿಟ್ಟಿದ್ದರು. ಮೈಯೆಲ್ಲ ಉರಿದುಹೋಯಿತು. ಕಪ್ಪೆಗಳು ಸತ್ತಿದ್ದರೆ ಯಾಕೆ ಸತ್ತವೆಂದು ಹುಡುಕಬೇಕೋ, ಸತ್ತವುಗಳ ಬಾಯಿಗೆ ಸ್ಪೀಕರ್ ಕಟ್ಟಬೇಕೋ? ಈ ಮ್ಯಾನೇಜರನ ಮನೆ ಹಾಳಾಗ, ಉಳಿದವನ್ನೂ ನಾಳೆ ಅದೇ ನೀರಿಗೆ ಸುರಿಯುತ್ತಿದ್ದ, ಅದೂ ಅವಳ ಮಾತಿನ ಮೇಲೆ.

ತಮ್ಮನನ್ನು ಎಳೆದುಕೊಂಡು ಕೊಳಕ್ಕೆ ಹೋದಳು. ಇನ್ನೂ ಮಬ್ಬು ಬೆಳಕಿತ್ತು. ವೈರಿನ ಜಾಡು ಹಿಡಿದು ಜೊಂಡಿನೊಳಗೆ ನುಗ್ಗಿದರೆ ಒಂದು ಕಪ್ಪು ಪೆಟ್ಟಿಗೆ. ಗೊಗ್ಗರ ಅದರೊಳಗಿಂದ ಕೂಗುತ್ತಲೇ ಇದ್ದ. ಪೆಟ್ಟಿಗೆಯ ಮೇಲೆ ಒಂದು ಹೆಣ್ಣು ಕಪ್ಪೆ ಕೂತಿತ್ತು, ಹೊಟ್ಟೆ ತುಂಬ ಮೊಟ್ಟೆ. ಹೆಣ್ಣು ಕೂಗುವುದಿಲ್ಲ, ಅದು ಬದುಕಿರುವುದು ಯಾರಿಗೂ ತಿಳಿದಿರಲಿಲ್ಲ. ಕರೆ ಕೇಳಿ ಕೊಳ ದಾಟಿ ಬಂದು, ಪೆಟ್ಟಿಗೆಗೆ ಮೈ ಒತ್ತಿಕೊಂಡು ಕಾಯುತ್ತಿತ್ತು. ಟಾರ್ಚ್ ಬಿಟ್ಟರೂ ಕದಲಲಿಲ್ಲ.

"ಕಿತ್ತಾಕು ಅದನ್ನ" ಎಂದಳು. ತಮ್ಮ ವೈರ್ ಕಿತ್ತ. ಇಡೀ ಕೊಳದಲ್ಲಿ ಇನ್ನೊಂದು ಕೂಗು ಇರಲಿಲ್ಲ.

ಮ್ಯಾನೇಜರು ಆಫೀಸಿನಲ್ಲೇ ಇದ್ದರು. ಎಲ್ಲ ಕೇಳಿ ನಕ್ಕರು. "ಅಷ್ಟಕ್ಕೆಲ್ಲ ಕೋಪ ಮಾಡ್ಕೋತಾರೇನಮ್ಮ? ನಾಲ್ಕು ಜನಕ್ಕೆ ಖುಷಿಯಾಗ್ಲಿ ಅಂತ ಹಾಕ್ಸಿದ್ದು. ಯಾರಿಗೇನು ನಷ್ಟ ಆಯ್ತೀಗ?"

"ನಾಳೆ ಒಂದು ಕಪ್ಪೆನೂ ತೊಟ್ಟಿ ಬಿಟ್ಟು ಹೋಗಲ್ಲ" ಎಂದಳು ಅವಳು. ಒದ್ದೆ ಜೊಂಡು ಹಾಸಿದ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

"ಕರೆದೋರು ನೀವು. ಬಂದಿದಾಳೆ. ಮಾತಾಡ್ಸಿ."