ಮುನಿಆಂಜನಪ್ಪನ ಹೆಗಲ ಚೀಲ

ತೋಳು ಬಗ್ಗಲಿಲ್ಲ. ಕೆಂಪರಾಜ್, ತೀರಿಕೊಂಡ ಅಣ್ಣ ಮುನಿಆಂಜನಪ್ಪನ ತಲೆಯನ್ನು ಮೆಲ್ಲಗೆ ಎತ್ತಿ, ಚೀಲದ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಚೀಲವನ್ನು ಎದೆಯ ಪಕ್ಕಕ್ಕೆ ಸರಿಸಿದ. ಹಾರದಿಂದ ನಾಲ್ಕು ಸೇವಂತಿಗೆ ಉದುರಿದವು.

"ಬಲಗಡೆಗೆ ಬರ್ಲಿ," ಎಂದಳು ಮಾರಕ್ಕ. "ಎಡಗಡೆ ಹಾಕ್ಕೊಂಡ್ರೆ ಅವರಿಗೆ ಒಗ್ತಿರ್ಲಿಲ್ಲ."

"ಇದನ್ನ ಬಿಟ್ಟು ಹಾಲು ತರೋಕೂ ಹೋದೋನಲ್ಲ ನಮ್ಮಣ್ಣ. ಜೊತೇಲೇ ಹೋಗ್ಲಿ ಬಿಡಿ ಅತ್ಗೆ."

ಅವರದು ಹೂಳುವ ಪದ್ಧತಿ. ಸತ್ತವರು ಹಚ್ಚಿಕೊಂಡ ವಸ್ತು, ಎಲೆಅಡಿಕೆ ಚೀಲವೋ ಕನ್ನಡಕವೋ, ಅವರೊಂದಿಗೇ ಗುಂಡಿಗೆ ಇಳಿಯುತ್ತದೆ. ಒಮ್ಮೆ ಹೆಣದ ಮೇಲಿಟ್ಟದ್ದನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ. ಕ್ಯಾಮೆರಾವನ್ನು ಮಗಳು ಹಂಸ ಬೆಳಿಗ್ಗೆಯೇ ತೆಗೆದಿಟ್ಟಿದ್ದಳು. ಚೀಲದಲ್ಲಿ ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಟ್ಟು ಫೋಟೋ. ಅಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವಳೂ ಮುಟ್ಟಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಹತ್ತು ಹದಿನೈದು ಫೋಟೋಗ್ರಾಫರುಗಳು ಕೂತಿದ್ದರು. ಎಲ್ಲರೂ ಬಾಣಸವಾಡಿಯ ಈ ಮನೆಯಲ್ಲೇ ಕೆಲಸ ಕಲಿತವರು. ನಡುವೆ ಶಿವಾಜಿನಗರದ ಜಾಫರ್, ಮುನಿಆಂಜನಪ್ಪನ ಓರಗೆಯವನು, ಕೋಲಿನ ಮೇಲೆ ಗದ್ದ ಊರಿ ಕೂತಿದ್ದ.

"ಸರ್, ಒಂದು ಫ್ರೇಮ್ ತೆಗೀಲಾ?" ಪತ್ರಿಕೆಯ ಪ್ರಿಯಾ ಅವನನ್ನು ಮೆಲ್ಲಗೆ ಕೇಳಿದಳು.

"ಮನೆಯೋರನ್ನ ಕೇಳಿದ್ಯಾ?"

"ಇಲ್ಲ."

"ಇಲ್ಲಿ ಏನು ಕಲಿತೆ ಮತ್ತೆ? ಹೋಗು, ಮೊದ್ಲು ಎಲ್ರಿಗೂ ಟೀ ಕೊಡು. ಅವ್ನು ನನಗೂ ಹಿಂಗೇ ಮಾಡ್ಸೋನು. ಒಂದು ಫೋಟೋಗೆ ಮೊದ್ಲು ಜನರ ಜೊತೆ ಕೂತು ಹತ್ತು ಟೀ. ಹೊಟ್ಟೆಯೆಲ್ಲ ಉರಿ."

ಯಾರೋ ನಕ್ಕು, ಅಲ್ಲಿಗೇ ನಿಲ್ಲಿಸಿದರು.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಗೇಟಿನ ಬಳಿ ಬಂದು ನಿಂತಳು. ಸೀರೆಯ ಮೇಲೆ ಗಂಡಸರ ಶರ್ಟು, ಕೈಬೆರಳುಗಳಲ್ಲಿ ಒಣಗಿದ ಸಿಮೆಂಟು. ಹಂಸ ಕರೆದ ಮೇಲೆ ಒಳಗೆ ಬಂದು ಸತ್ತವನ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಪಾದ ಮುಟ್ಟಿ ಗೋಡೆಗೆ ಸರಿದಳು. ಹೊರಟುಹೋಗಲಿಲ್ಲ.

ಹಂಸ ನೀರು ತಂದುಕೊಟ್ಟಳು. "ಅಪ್ಪ ಹೇಗೆ ಗೊತ್ತು ನಿಮಗೆ?"

"ಅಯ್ಯಮ್ಮ ಅಂತ್ರಿ. ದೇವದುರ್ಗದ ಕಡೇರು. ಕೆಲಸಕ್ಕ ಹೊಂಟಿದ್ದೆ, ಸರ್ಕಲ್‌ನಾಗ ಬ್ಯಾನರ್ ಕಟ್ಯಾರಲ್ರಿ, ಮಾರಿ ಗುರ್ತು ಸಿಕ್ತು. ಬಸ್ ಇಳಿದು ಬಂದೆ." ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ನನ್ನ ಮಗಳ ಫೋಟೋ ತೆಗೆದಿದ್ರು. ಬಾಳ ವರ್ಷ ಆತು. ಇಂಥಾ ದಿನ ಕೇಳಬಾರದ್ರವ್ವ. ಮತ್ತ ಇನ್ಯಾರನ್ನ ಕೇಳ್ಲಿ?"

* * *

ಹದಿನಾಲ್ಕು ವರ್ಷದ ಹಿಂದೆ ಮುನಿಆಂಜನಪ್ಪ ಕಲ್ಯಾಣ ನಗರದಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆಗೆ ದಿನವೂ ಹೋಗುತ್ತಿದ್ದ. ಅದೇ ದಿಕ್ಕಿನಲ್ಲಿ ಅವನ ತಂದೆ ಕೋಸು ಬೆಳೆಯುತ್ತಿದ್ದ ಹೊಲ ಇತ್ತು. ಹೊಲ ಬಡಾವಣೆಗೆ ಹೋದ ಮೇಲೆ ಅಲ್ಲಿ ಮನೆ ಕಟ್ಟುವವರು ಯಾರು ಎಂದು ನೋಡುವುದೇ ಅವನ ಕೆಲಸವಾಗಿತ್ತು. ಮೊದಲ ವಾರ ಕ್ಯಾಮೆರಾ ಹೊರಗೆ ಬರುತ್ತಿರಲಿಲ್ಲ. ಇಟ್ಟಿಗೆಯ ಮೇಲೆ ಕೂತು ಊರು, ಮಳೆ, ಮಕ್ಕಳ ವಿಷಯ ಮಾತಾಡುತ್ತಿದ್ದ.

"ನಮ್ದು ಬ್ಯಾಡ್ರಿ," ಎಂದಿದ್ದಳು ಅಯ್ಯಮ್ಮ. "ಕೂಸಿಂದು ತೆಗೀರಿ."

ಐದು ವರ್ಷದ ಗಂಗಾ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಟೋಪಿಯಂತೆ ಇಟ್ಟುಕೊಂಡು ನಿಂತಳು. ಒಂದೇ ಸಲ ಕ್ಲಿಕ್ ಎಂದಿತು.

"ಮುಂದಿನ ವಾರ ತಂದ್ಕೊಡ್ತೀನಮ್ಮ. ನೀನು ನೋಡಿದ ಮೇಲೇ ಬೇರೆಯವರು ನೋಡೋದು."

ಆ ವಾರವೇ ಮೇಸ್ತ್ರಿ ಅವರನ್ನೆಲ್ಲ ಲಾರಿ ಹತ್ತಿಸಿ ಬೇರೆ ಕೆಲಸಕ್ಕೆ ಒಯ್ದ. ಹದಿನೈದು ದಿನಕ್ಕೆ ಗಂಗಾಳಿಗೆ ಜ್ವರ ಬಂತು. ಮೂರೇ ದಿನ ಬದುಕಿದಳು. ಆಮೇಲೆ ಕೆಲಸದಿಂದ ಕೆಲಸಕ್ಕೆ, ಶೆಡ್ಡಿನಿಂದ ಶೆಡ್ಡಿಗೆ. ಆ ಮುಖದ ಒಂದು ಚಿತ್ರವೂ ಅಯ್ಯಮ್ಮನ ಬಳಿ ಇರಲಿಲ್ಲ.

* * *

"ಬುಟ್ಟಿ ಟೋಪಿ ಹುಡುಗಿ," ಎಂದ ಜಾಫರ್. ಅಯ್ಯಮ್ಮ ಇದನ್ನೆಲ್ಲ ಹೇಳಿದ್ದು ಕೇಳಿಸಿಕೊಂಡೇ ಬಾಗಿಲಿಗೆ ಬಂದಿದ್ದ. "ತಾಯಿ, ನಿನ್ನನ್ನ ಎಷ್ಟು ಹುಡುಕಿದ್ವಿ ಗೊತ್ತಾ? ಕೆ.ಆರ್. ಪುರಂ, ಹೊರಮಾವು, ಎಲ್ಲ ಶೆಡ್ಡೂ. ಅವ್ನು ನನ್ನ ಸ್ಕೂಟರ್ ಹಿಂದೆ ಕೂತು, ನಿನ್ನ ಹೆಸರು ಹೇಳಿ ಕೇಳ್ತಾ. ಫೋಟೋ ವಿಷಯ ಕೇಳಿ ದಿಲ್ಲಿಯೋರು ಎಗ್ಸಿಬಿಷನ್‌ಗೆ ಅದೇ ಬೇಕು ಅಂದ್ರು. ಕೊಡ್ಲಿಲ್ಲ. ನೀನು ಎಷ್ಟು ಮೊಂಡ ಅಂತ ಅವ್ನಿಗೆ ಬೈದೆ. 'ತಾಯಿ ಇನ್ನೂ ನೋಡಿಲ್ಲ ಜಾಫರ್' ಅಂದ, ಅಷ್ಟೇ."

"ಎಲ್ಲೈತ್ರಿ ಅದು?"

ಜಾಫರ್ ಒಳಗೆ ನೋಡಿದ. ಅವನ ಕಣ್ಣು ಹೋದ ಕಡೆಗೇ ಹಂಸಳ ಕಣ್ಣೂ ಹೋಯಿತು. ಹೆಣದ ಪಕ್ಕ, ಹೂವಿನಡಿ, ಚೀಲ.

"ಚಿಕ್ಕಪ್ಪ, ಅದನ್ನ ತೆಗೀಬೇಕು."

"ಏನಮ್ಮ ನೀನು. ಮೈಮೇಲಿಟ್ಟಾಗಿದೆ. ಹೊರಗೆ ಚಟ್ಟ ಕಟ್ಟಿ ಆಯ್ತು, ರಾಹುಕಾಲ ಬರೋದ್ರೊಳಗೆ ಎತ್ಬೇಕು."

ಅಯ್ಯಮ್ಮ ಕೈ ಮುಗಿದಳು. "ಬ್ಯಾಡ್ರಿಯಪ್ಪ. ನನ್ನಿಂದ ನಿಮ್ಮ ಮನಿಗೆ ಕೆಟ್ಟ ಆಗೋದು ಬ್ಯಾಡ. ಅಣ್ಣಾರ ಜೋಡಿ ಹೋದ್ರ ಕೂಸು ಒಬ್ಬಾಕಿ ಆಗಂಗಿಲ್ಲ." ಹೀಗೆಂದವಳು ಬಾಗಿಲ ಕಡೆ ತಿರುಗಿದಳು. ಹೊಸ್ತಿಲು ಮಾತ್ರ ದಾಟಲಿಲ್ಲ.

ಮಾರಕ್ಕ ಅಷ್ಟು ಹೊತ್ತೂ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ಈಗ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದಳು.

"ಅತ್ಗೆ, ಮನೆಯೊಳಗೆ ವಾಪಸ್ ತರಬಾರದು."

"ಮನೇಲಿ ಯಾರು ಇಟ್ಕೋತಾರೆ ಕೆಂಪ? ಇವ್ರದ್ದು ಅಂತ ತಾನೇ ನಾವು ಇಟ್ಟಿದ್ದು. ಇವ್ರದ್ದಲ್ಲ ಇದು. ಊರೋರ ಸಾಮಾನು ಎತ್ಕೊಂಡು ಹೋದ್ರು ಅನ್ನಿಸ್ಕೋಬೇಕಾ ನನ್ನ ಗಂಡ?" ಅವಳು ಪಟ್ಟಿಯನ್ನು ಎಳೆಯದೆ, ನಿದ್ದೆಹೋದ ಮಗುವಿನಡಿಯಿಂದ ಬಟ್ಟೆ ತೆಗೆಯುವಂತೆ ಚೀಲದ ಬಾಯಿ ಬಿಚ್ಚಿ, ಕಟ್ಟನ್ನಷ್ಟೇ ಹೊರತೆಗೆದಳು. "ತಗೋ ಹಂಸ. ಅಂಗಳದಲ್ಲೇ ಹುಡುಕು. ಎಷ್ಟೊತ್ತಾದ್ರೂ ಆಗ್ಲಿ. ಇವರೂ ಕಾಯೋರೇ."

ಕೆಂಪರಾಜ್ ಹೊರಗೆ ಹೋಗಿ ಚಟ್ಟದವರಿಗೆ ಸ್ವಲ್ಪ ತಾಳಿ ಎಂದ.

ಅಂಗಳದಲ್ಲಿ ಪ್ರಿಯಾ ತನ್ನ ದುಪಟ್ಟಾ ಹಾಸಿದಳು, ಹಂಸ ಅದರ ಮೇಲೆ ಫೋಟೋಗಳನ್ನು ಹರಡಿದಳು. ಎಲ್ಲರೂ ಬಗ್ಗಿದರು. ಕಲ್ಲು ಒಡೆಯುವವರು, ಗಾರೆಯವರು, ತಳ್ಳುಗಾಡಿಯ ಮುದುಕ, ಒಬ್ಬ ಬಾಣಂತಿ. ನಲವತ್ತಕ್ಕೂ ಹೆಚ್ಚು ಮುಖಗಳು, ಯಾರ ಕೈಗೂ ಸೇರದವು. ಹಂಸ ಒಂದರ ಬೆನ್ನಿನ ಪೆನ್ಸಿಲ್ ಬರಹ ಓದಿದಳು. "ಗಂಗಾ. ತಾಯಿ ಅಯ್ಯಮ್ಮ. ಅವರ ಕೈಗೇ ಕೊಡಬೇಕು."

ಅಯ್ಯಮ್ಮ ಸಿಮೆಂಟಿನ ಕೈಯನ್ನು ಶರ್ಟಿಗೆ ಒರೆಸಿ, ಮತ್ತೆ ಒರೆಸಿ, ಅಂಚಿನಲ್ಲಿ ಹಿಡಿದಳು. ಬಹಳ ಹೊತ್ತು ಮುಖ ನೋಡಿದಳು. ನಂತರ ಅವಳ ಬೆರಳು ಪಾದದ ಕಡೆಗೆ ಇಳಿಯಿತು.

"ಇಲ್ಲಿ ಯಾಕೆ ಕಪ್ಪಗಿದೆ?" ಹಂಸ ಕೇಳಿದಳು.

"ಉಸುಕು ಕಾದಿತ್ರಿ. ಕೂಸಿಗೆ ಚಪ್ಪಲಿ ಇರ್ಲಿಲ್ಲ. ಬಿಸಿಲು ಅಣ್ಣಾರ ಬೆನ್ನಿಗಿತ್ತು. 'ಇಲ್ಲಿ ಬಾ, ನನ್ನ ನೆರಳಾಗ ನಿಲ್ಲು' ಅಂದ್ರು."

ಬಿಳಿ ಮರಳಿನ ಮೇಲೆ ಉದ್ದಕ್ಕೆ ಬಿದ್ದಿದ್ದ ನೆರಳಿನೊಳಗೆ ಎರಡು ಪುಟ್ಟ ಬರಿಗಾಲುಗಳು, ಬೆರಳು ಮಡಚಿಕೊಂಡು, ಅದರ ಅಂಚು ದಾಟದಂತೆ ಜೋಡಿಸಿ ನಿಂತಿದ್ದವು.