ಕಾಸಿ ನೋಡುವ ಅರುಣಾ

ಯಾರು ಯಾವ ಸುದ್ದಿ ತಂದರೂ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅರುಣಾ ಅವರ ಉತ್ತರ ಒಂದೇ: "ಕಾಸಿ ನೋಡೂಣ್ರಿ." ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುವವನು, ಅವರು ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿ. ತುಂಬಿದ ಕೊಡ ಹೊತ್ತವರ ತುಳುಕದ ನಡಿಗೆ. ಎಷ್ಟು ಒಗೆದರೂ ಜೇಬಿನ ಕೆಂಪು ಕಲೆ ಬಿಡದ ಬಿಳಿ ಕೋಟು. ಆ ಜೇಬಿನಲ್ಲಿ ಸದಾ ಒಂದೆರಡು ಬ್ಯಾಡಗಿ ಮೆಣಸಿನಕಾಯಿ. ಮಾತಿನ ನಡುವೆ ಒಂದನ್ನು ತೆಗೆದು ಬಗ್ಗಿಸುವುದು, ಮುರಿಯದೆ ಬಾಗಿದರೆ ಒಳಗೆ ತೇವವಿದೆಯೆಂದು ಮುಖ ಗಂಟಿಕ್ಕುವುದು ಅವರ ಚಟ.

ಈ ಚಟಕ್ಕೆ ಕಾರಣವಿತ್ತು. ತಾಯಿ ಸುಶೀಲವ್ವ ಬ್ಯಾಡಗಿಯಲ್ಲಿ ಖಾರದ ಗಿರಣಿ ನಡೆಸುತ್ತಿದ್ದರು. ತೊಟ್ಟು ಬಿಡಿಸುವಾಗ ಒಣಕಾಯಿ ಪುಡಿಯಾಗದಿರಲೆಂದು ನೀರು ಚಿಮುಕಿಸುವುದು ಅವರಲ್ಲಿ ರೂಢಿ. ಒಮ್ಮೆ ನೆಂಟರ ಮದುವೆಯಲ್ಲಿ ಅವರ ಖಾರ ಹಾಕಿ ಬೆಳಗ್ಗೆ ಕುದಿಸಿಟ್ಟ ಸಾರನ್ನು ಹೊತ್ತು ಇಳಿದ ಮೇಲೆ ಉಂಡವರೆಲ್ಲ ವಾಂತಿ ಮಾಡಿಕೊಂಡು ಮಲಗಿದರು. ಅಷ್ಟು ಕುದಿಸಿದ್ದು ನಂಜಾದೀತೇ? ಸುಶೀಲವ್ವನ ಕೈಯಲ್ಲೇ ನಂಜಿದೆಯೆಂದು ಮಂದಿ ಆಡಿಕೊಂಡರು. ಪಾಪ, ಆಕೆ ಅದನ್ನು ನಂಬಿದರು. ಗಿರಣಿಗೆ ಕೀಲಿ ಹಾಕಿ ಮಗಳ ಕೈಗೆ ಕೊಟ್ಟರು.

ಮಗಳು ಉಳಿದ ಖಾರದ ಡಬ್ಬಿಯನ್ನು ಪ್ರಯೋಗಾಲಯಕ್ಕೆ ತಂದರು. ತೇವದಲ್ಲಿ ಹೆಚ್ಚಿದ ಬ್ಯಾಕ್ಟೀರಿಯಾಗಳು, ಒಣಗುವ ಹೊತ್ತಿಗೆ ಜೀವದ ಸುತ್ತ ಕವಚ ಕಟ್ಟಿಕೊಂಡು, ಬೀಜಾಣುಗಳಾಗಿ, ಡಬ್ಬಿಯೊಳಗೆ ವರ್ಷಗಟ್ಟಲೆ ಮಲಗಿರುತ್ತವೆ. ಕುದಿತ ಅವನ್ನು ಎಬ್ಬಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ; ಎದ್ದವು ಆರಿದ ಸಾರಿನಲ್ಲಿ ಹೆಚ್ಚಿ ನಂಜಾಗುತ್ತವೆ. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟು ಹಟವೇ ಎಂದು ನಾನು ಬೆರಗಾದೆ. ಅರುಣಾ ಅವರ ಹಟ ಅದಕ್ಕೂ ಒಂದು ಕೈ ಮೇಲು: ಆ ಕವಚ ಕಟ್ಟುವುದನ್ನೇ ತಡೆಯುವ ರಾಸಾಯನಿಕವನ್ನು ಹುಡುಕತೊಡಗಿದ್ದರು.

ಕಾಸಿದರೆ ಕವಚವಿಲ್ಲದವು ಸಾಯುತ್ತವೆ, ಕವಚದವಷ್ಟೇ ಉಳಿದು ಚಿಗುರುತ್ತವೆ. ಒಮ್ಮೆ ಒಂದು ಸಂಯುಕ್ತ ಬೆರೆಸಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕಾಸಿ ಹರಡಿದ ತಟ್ಟೆಯಲ್ಲಿ ಒಂದು ಜೀವವೂ ಚಿಗುರಲಿಲ್ಲ. ಸಹೋದ್ಯೋಗಿ ನಿರ್ಮಲಾ ಎಲ್ಲರಿಗೂ ಪೇಢೆ ಹಂಚಿದರು. ಅರುಣಾ ಮಾತ್ರ ಕಾಸದೆ ಹರಡಿದ್ದ ತಟ್ಟೆಯನ್ನೂ ತೆಗೆದು ನೋಡಿದರು, ಅದೂ ಬರಿದು. "ಇದು ಕೊಂದೈತಿ, ತಡದಿಲ್ಲ," ಎಂದು ಪೇಢೆ ಕೆಳಗಿಟ್ಟರು. ಸತ್ತವು ಕವಚ ಕಟ್ಟಲಿಲ್ಲವೆನ್ನುವುದು ಯಾವ ಪುರಾವೆ? ನಮ್ಮ ಬಾಯಿಯ ಪೇಢೆ ಸಪ್ಪಗಾಯಿತು.

ಕಳೆದ ಸುಗ್ಗಿಯಲ್ಲಿ ಮತ್ತೊಂದು ಸಂಯುಕ್ತ ದಕ್ಕಿತು. ಕಾಸದ ತಟ್ಟೆಯ ತುಂಬ ಜೀವ, ಕಾಸಿದ್ದು ಖಾಲಿ. ಸಂಯುಕ್ತವಿಲ್ಲದೆ ಕಾಸಿದ ಮೂರನೆಯದರಲ್ಲಿ ಮತ್ತೆ ಜೀವ. ಮತ್ತೆ ಮತ್ತೆ ಮಾಡಿ ನೋಡಿ, ಇನ್ನು ಸಂಶಯವಿಲ್ಲವೆಂದ ಮೇಲೆ ತಾಯಿಯನ್ನು ಕರೆತಂದು, ಕುದಿತಕ್ಕೆ ಜಗ್ಗದವು ಈ ಕವಚದವೇ ಎಂದು ಬಿಡಿಸಿ ಹೇಳಿದರು.

"ಹಂಗಾರ ನನ್ನ ಕೈಯಾಗ ನಂಜಿಲ್ಲೇನ?" ಸುಶೀಲವ್ವ ಕೇಳಿದರು.

"ಕೈಯಾಗಿಲ್ಲವ್ವ. ನಾವು ಚಿಮುಕಿಸಿದ ನೀರಿನಿಂದ ಬೆಳದೈತಿ."

ಬೇರೆ ಯಾರಾದರೂ 'ಕೈಯಾಗಿಲ್ಲ' ಎಂಬ ಮೊದಲ ಮಾತಿಗೇ ನಿಲ್ಲಿಸುತ್ತಿದ್ದರು. ಸುಶೀಲವ್ವ ಅಂಗೈ ತಿರುಗಿಸಿ ನೋಡಿಕೊಂಡು, ಕವಚ ತಡೆಯುವ ಈ ಔಷಧಿಯನ್ನು ಖಾರಕ್ಕೆ ಹಾಕಬಹುದೇ ಎಂದರು. ತಿನ್ನಲು ತಕ್ಕದ್ದೋ ಅಲ್ಲವೋ ಇನ್ನೂ ತಿಳಿಯದೆಂದರು ಮಗಳು.

"ಇರಲಿ, ನೀರು ಚಿಮುಕಿಸೂದು ಬಿಟ್ಟರಾತು. ಗಿರಣಿ ಕೀಲಿ ಕೊಡು."

ಸಮಾಧಾನ ಹೇಳುವವರು ಊರ ತುಂಬ ಸಿಗುತ್ತಾರೆ. ಹೆತ್ತ ತಾಯಿಗೂ ಪುರಾವೆಯಿಲ್ಲದ ಸಮಾಧಾನ ಹೇಳಲಾರದ ಮಂದಿ ಅಪರೂಪ. ಇಂಥವರ ಪ್ರೀತಿ ತಡವಾಗಿ ಬರುತ್ತದೆ. ಆದರೆ ಎಷ್ಟು ಕಾಸಿದರೂ ಉಳಿಯುತ್ತದೆ.