ಹತ್ತು ನಿಮಿಷದ ತೀರ್ಪು

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ದೊಡ್ಡಪ್ಪನ ಕಣ್ಣು ಮಾತ್ರ ತಮ್ಮನ ಮಗಳ ಬಾಯಿಯ ಮೇಲಿತ್ತು.

"ಇನ್ನೈದು ವರ್ಷಕ್ಕೆ ಎಲ್ಲಿರ್ತೀಯ? ಸಂದರ್ಶನದಲ್ಲಿ ಕೇಳ್ತಾರೆ, ಹೇಳು."

"ಇ... ಇಲ್ಲೇ ದೊಡ್ಡಪ್ಪ, ಹಾ... ಹಾಲು ಒರೆಸ್ತಾ."

ತಾಯಿ ನಕ್ಕಳು. ದೊಡ್ಡಪ್ಪ ನಗಲಿಲ್ಲ. "ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ಈ ಸಲ ತಪ್ಪಿದ್ರೆ ವಯಸ್ಸು ಮೀರಿಹೋಗುತ್ತೆ. ಆಮೇಲೆ ಖಾಯಂ ಕೆಲಸ ಕನಸಲ್ಲೂ ಇಲ್ಲ."

ಅದು ನಿಜ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳು ಒಂಬತ್ತು ವರ್ಷದಿಂದ ಹಂಗಾಮಿ. ಅವಳು ಜೋಡಿಸಿದ ಹಲ್ಲು ಹಾಕಿಕೊಂಡ ಮುದುಕರು ಸೇಬು ಕಚ್ಚಿ ತಿನ್ನುತ್ತಿದ್ದರು. ಆದರೂ ಮೂರು ಸಂದರ್ಶನಗಳಲ್ಲಿ ಅರಳು ಹುರಿದಂತೆ ಮಾತಾಡುವವರೇ ಗೆದ್ದರು; ಮರುದಿನ ಅವಳ ಮೇಜಿನ ಪಕ್ಕದಲ್ಲೇ ಕುಳಿತು ಕೆಲಸ ಕಲಿತರು! ಒಂದೊಂದು ಸೋಲಿಗೂ ಅವಳ ಉಗ್ಗು ಹೆಚ್ಚಿತು. ಮನೆಯಲ್ಲಿ ತುತ್ತಿಗೊಂದು ಪ್ರಶ್ನೆ. ಹತ್ತು ನಿಮಿಷದ ಮಾತಿನಿಂದ ಕೈಕಸುಬನ್ನು ಅಳೆಯುವ ಈ ಮೂಢನಂಬಿಕೆಗೆ ಇನ್ನೆಷ್ಟು ಮನೆಗಳು ಬಲಿಯಾಗಬೇಕು, ಓದುಗರೇ?

ನಾಲ್ಕನೆಯ ಸಲ ಅವಳು ಕುರ್ಚಿಯಲ್ಲಿ ಕೂರಲಿಲ್ಲ.

"ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ," ಎಂದರು ಮ್ಯಾನೇಜರ್.

"ಹೇ... ಹೇಳೋದಿಲ್ಲ ಸಾರ್. ಹೊರಗೆ ಕೂತಿರೋ ಆರು ಜನಕ್ಕೂ ನನಗೂ ಒಂದೇ ಬಾಯಿಯ ಅ... ಅಚ್ಚು ಕೊಡಿ. ಸೆಟ್ಟು ಮಾಡ್ತೀವಿ. ಅದರ ಮೇಲೆ ಹೆಸರು ಬರೀಬೇಡಿ. ಆಮೇಲೆ ಆರಿಸಿ."

"ಮೊದಲಿಂದ ಬಂದ ಪದ್ಧತಿ ಇದು ತಾಯಿ. ಎದುರಿಗೆ ಕೂರಿಸಿಕೊಂಡ್ರೆ ಸಾಕು, ಆಳು ಎಂಥವನು ಅಂತ ಹೇಳ್ಬಿಡ್ತೀನಿ."

"ಹೋದ ಸಲ ಹಾಗೆ ಆ... ಆರಿಸಿದವರ ಸೆಟ್ಟು ಎಷ್ಟು ವಾಪಸ್ ಬಂತು ಸಾರ್?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಉತ್ತರ ಕೊಡದಿದ್ರೆ ಸೊನ್ನೆ ಹಾಕಬೇಕಾಗುತ್ತೆ."

"ಹಾ... ಹಾಕಿ."

ಒಂಬತ್ತು ವರ್ಷದ ಆಸೆಯನ್ನು ಹೀಗೆ ಮೇಜಿನ ಮೇಲೆ ಬಿಟ್ಟು ಹೊರಬರಲು ಎಂಥ ಗುಂಡಿಗೆ ಬೇಕು!

ಹೊರಗೆ ಆರೂ ಮಂದಿ ಉತ್ತರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಒಳಗೆ ತಾನು ಏನು ಕೇಳಿದೆ, ಏಕೆ ಕೇಳಿದೆ ಎಂದು ಅವಳು ಅವರಿಗೆ ಹೇಳತೊಡಗಿದಳು. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಕೊನೆಯ ಪದ ಗಂಟಲಲ್ಲೇ ಸಿಕ್ಕಿಕೊಂಡಿತು. ಯಾರೂ ಅದನ್ನು ಎತ್ತಿಕೊಡಲಿಲ್ಲ, ಯಾರೂ ನಗಲಿಲ್ಲ. ಅದು ಅವಳ ಬಾಯಿಂದಲೇ ಬರಲಿ ಎಂದು ಕಾದರು.

ಜವಾನ ಮುಂದಿನವನನ್ನು ಕರೆದ. ಕೊರಳಪಟ್ಟಿ ಸಡಿಲಿಸಿಕೊಂಡು ಎದ್ದ ಆ ಯುವಕ ಒಳಗೆ ಕಾಲಿಡದೆ, ಹೊಸ್ತಿಲಲ್ಲೇ ನಿಂತು ಕೇಳಿದ:

"ಸಾರ್, ಅಚ್ಚು ಎಲ್ಲಿದೆ?"